ಕುಬ್ರಾತ್ ಖಾನನ ಕಟ್ಟು

ಶಟರ್ ಇಳಿಸಿದ್ದೇ ತಡ, ಗೋದಾಮಿನೊಳಗೆ ಮಧ್ಯಾಹ್ನವೇ ಕತ್ತಲು ಕವಿಯಿತು. ನಾಹೀದಾ ಪ್ರೊಜೆಕ್ಟರಿನ ಬಳಿ ಕೂತು ಎಲ್ಲರ ಮುಖವನ್ನೂ ಒಮ್ಮೆ ನೋಡಿಕೊಂಡಳು. ತಮ್ಮಂದಿರು ಜಾವೇದ, ಖಲಂದರ ಜಮಖಾನದ ಎರಡು ಸುರುಳಿಗಳ ಮೇಲೆ ಬೇರೆಬೇರೆಯಾಗಿ ಕೂತಿದ್ದರು. ನಡುವೆ ಕುರ್ಚಿಯ ಮೇಲೆ ತಾಯಿ ಅಬೇದಾಬಿ. ಬಾಗಿಲ ಬಳಿ ಕೊಟ್ರಬಸಪ್ಪ, ಅಬ್ಬಾನ ಹಳೆಯ ಗೆಳೆಯ. ಪಾಲು ಮಾಡಿಕೊಡಲು ಕರೆಸಿದ್ದ ಹಿರಿಯ.

ಕುಷ್ಟಗಿಯಲ್ಲಿ ಮದುವೆಯೆಂದರೆ ಅಬ್ಬಾ ರಾಜಾಸಾಬರ ಶಾಮಿಯಾನ. ಅವರು ತೀರಿಹೋಗಿ, ನಲವತ್ತನೇ ದಿನದ ಫಾತಿಹಾ ನಿನ್ನೆ ಮುಗಿದಿತ್ತು. ಕೊನೆಗೆ ಅವರು ಆಡಿದ್ದು ಒಂದೇ ಮಾತು: "ಕೂಡಿ ಇರ್ರಿ." ತಮ್ಮಂದಿರು ಆಗಲೇ ಒಬ್ಬರ ಜೊತೆಗೊಬ್ಬರು ಮಾತು ಬಿಟ್ಟಿದ್ದರು. ಗಂಗಾವತಿಯ ಕಾಲೇಜೊಂದು ನಾಹೀದಾಳನ್ನು ಇತಿಹಾಸ ಕಲಿಸುವ ಕಾಯಂ ಕೆಲಸಕ್ಕೆ ಕರೆದಿತ್ತು. ಬರುವುದಿಲ್ಲ ಎಂದು ಸೋಮವಾರ ಫೋನ್ ಮಾಡಿ ಹೇಳಿಬಿಡಬೇಕು ಅಂದುಕೊಂಡಿದ್ದಳು. ತಾನು ಕಾಲು ಹೊರಗಿಟ್ಟರೆ ಮನೆ ಒಡೆದುಹೋದೀತು ಎಂಬ ಅಂಜಿಕೆ ಅವಳದು.

"ಅರ್ಧಾ ತಾಸು ನೋಡ್ರಿ. ಆಮ್ಯಾಲ ನಿಮ್ಮಿಷ್ಟ," ಅಂದಳು. ಬಲ್ಗೇರಿಯಾದವರ ಮೂಲದ ಕತೆ ಹೇಳುವ ದೊಡ್ಡ ಸಿನಿಮಾವೊಂದನ್ನು ಹಿಂದೆ ತನ್ನ ವಿದ್ಯಾರ್ಥಿಗಳಿಗೆ ತೋರಿಸಿದ್ದಳು. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನೂ ಗುರುತು ಮಾಡಿಕೊಂಡಿದ್ದಳು.

ಮದುವೆಗೆ ಕಟ್ಟುವ ಬಿಳಿ ಪರದೆಯ ಮೇಲೆ ಹುಲ್ಲುಗಾವಲು ತೆರೆದುಕೊಂಡಿತು. ಸಾವಿರಾರು ಕುದುರೆ, ಡೇರೆ. ನಡುವೆ ಕುಬ್ರಾತ್ ಖಾನ.

"ಖಾನ ಅಂದ್ರ ನಿಮ್ಮವರೇನವಾ?" ಕೊಟ್ರಬಸಪ್ಪ ಕೇಳಿದ.

"ಅಲ್ಲ ಕಾಕಾ. ಆಗ ಅವರು ಆಕಾಶದೇವರಿಗೆ ನಡಕೋತಿದ್ರು."

"ನಿಮ್ಮವರೂ ಅಲ್ಲ, ನಮ್ಮವರೂ ಅಲ್ಲ. ಛಲೋ ಆತು, ಜಗಳಿಲ್ಲ."

ಖಲಂದರನ ಕಣ್ಣು ಡೇರೆಗಳ ಮೇಲಿತ್ತು. "ಇದನ್ನ ಹಾಕಿದಾಂವ ಯಾಂವಲೇ? ಹಗ್ಗ ಸಡ್ಲ ಬಿಟ್ಟಾನ. ಗಾಳಿ ಬಂತಂದ್ರ ಖಾನನ ತಲಿ ಮ್ಯಾಲ." ಜಾವೇದನಿಗೆ ನಗು ಬಂತು. ತಾವು ಮಾತು ಬಿಟ್ಟದ್ದು ನೆನಪಾಗಿ ಮುಖ ಅತ್ತ ತಿರುಗಿಸಿದ.

ಪರದೆಯ ಮೇಲೆ ಖಾನ ಹಾಸಿಗೆ ಹಿಡಿದಿದ್ದ. ಈಟಿಯ ಕೋಲುಗಳ ಕಟ್ಟೊಂದನ್ನು ಮಕ್ಕಳ ಕೈಗೆ ಕೊಟ್ಟು ಮುರಿಯಿರಿ ಅಂದ. ಯಾರಿಂದಲೂ ಆಗಲಿಲ್ಲ. ಕಟ್ಟು ಬಿಚ್ಚಿ ಒಂದೊಂದನ್ನೇ ತಾನೇ ಮುರಿದು ತೋರಿಸಿದ.

"ಆಪಾ, ನಾನೂ ಸಾಲಿಗಿ ಹೋಗೀನಿ. ತಿಳೀತು ಬಿಡು," ಜಾವೇದ ಅಂದ.

ನಾಹೀದಾ ನಿಲ್ಲಿಸಲು ಕೈ ಚಾಚಿದಳು.

"ಯಾಕ ನಿಲ್ಲಸ್ತಿ?" ಅಬೇದಾಬಿ ಕೇಳಿದಳು. "ಆ ಮಕ್ಕಳು ಏನಾದರು?"

"ಇಷ್ಟ ಸಾಕಮ್ಮಾ."

"ನಂಗ ಸಾಕಾಗಿಲ್ಲ."

ಪರದೆಯ ಅಡಿಯ ಅಕ್ಷರಗಳನ್ನು ಓದಲು ಅಮ್ಮನಿಗೆ ಬಾರದು. ಬೇಕಾದ ಹಾಗೆ ಹೇಳಿಬಿಡಬಹುದಿತ್ತು. ಆದರೂ ನಾಹೀದಾ ಇದ್ದದ್ದನ್ನೇ ಹೇಳುತ್ತ ಹೋದಳು. ಖಾನ ಸತ್ತ. ಮಕ್ಕಳು ದಿಕ್ಕಿಗೊಬ್ಬರಾದರು. ಹಿರಿಯ ಮಗ ಮಾತ್ರ ಅಪ್ಪನ ನೆಲ ಬಿಡಲಿಲ್ಲ. ಮೂಡಲಿಂದ ಖಜಾರರೆಂಬವರು ದಂಡೆತ್ತಿ ಬಂದರು, ಆತ ಮೊಣಕಾಲೂರಿದ. ಇನ್ನೊಬ್ಬ ಮಗ ಅಸ್ಪಾರುಖ್ ತನ್ನ ಜನರನ್ನು ಕಟ್ಟಿಕೊಂಡು ಡ್ಯಾನ್ಯೂಬ್ ನದಿಯ ಜವುಗು ದಾಟಿದ.

"ಅಪ್ಪನ ಮಾತಿಗಿ ಉಳದಾಂವ?"

"ಕಪ್ಪ ಕೊಟ್ಕೋತ ಬದುಕಿದ."

"ಬಿಟ್ಟು ಹೋದಾಂವ?"

"ಅಲ್ಲಿ ಮೊದಲಽ ಇದ್ದ ಜನರ ಜೋಡಿ ನಾಡು ಕಟ್ಟಿದ. ಹೆಸರು ಇವತ್ತಿಗೂ ಐತಿ. ಆದರ ಅಮ್ಮಾ, ಅವರ ಮಾತು ಉಳೀಲಿಲ್ಲ. ಅಲ್ಲಿಯವರ ಭಾಷಾನ ಅವರದಾತು."

"ಕಳಕೊಳ್ಳೋದು ಇದ್ದದ್ದ."

"ನಿಮ್ಮಬ್ಬಾನ ಅಪ್ಪನೂ ಕೂಡಿ ಇರ್ರಿ ಅಂತ ಹೇಳೇ ಕಣ್ಣು ಮುಚ್ಚಿದ್ದ," ಅಂದಳು ಅಬೇದಾಬಿ. "ಆದ್ರೂ ನಿಮ್ಮಬ್ಬಾ ಕೊಪ್ಪಳದಾಗ ಅಣ್ಣಂದಿರನ್ನ ಬಿಟ್ಟು ಇಲ್ಲಿಗಿ ಬಂದ್ರು. ಕೈಯಾಗ ಎರಡು ತಾಡಪತ್ರಿ, ಅಷ್ಟ."

"ನಮ್ಮ ಬಂಡ್ಯಾಗ ಹೇರಿಕೊಂಡು ಬಂದಿದ್ವಿ," ಕೊಟ್ರಬಸಪ್ಪ ಮೆಲ್ಲಗೆ ಅಂದ. "ದಾರಿತುಂಬ ಅತ್ತಿದ್ದ."

ಅಬೇದಾಬಿ ಮಗಳ ಕಡೆ ತಿರುಗಿದಳು. "ನೀ ಅದರಾಗ ಯಾವ ಮಗ ಆಗಾಕ ಹೊಂಟಿ? ಗಂಗಾವತಿ ಕೆಲಸದ ಸುದ್ದಿ ನೀ ಫೋನಿನ್ಯಾಗ ಮಾತಾಡಿದ್ದು ನಂಗ ಕೇಳ್ಸೈತಿ."

ನಾಹೀದಾ ಎದ್ದು ಶಟರ್ ಎತ್ತಿದಳು. ಬಿಸಿಲು ಒಳಗೆ ನುಗ್ಗಿ ಪರದೆಯ ಮೇಲಿನ ಕುದುರೆಗಳು ಅಳಿಸಿಹೋದವು.

ಗೋಡೆಗೆ ಒರಗಿಸಿದ್ದ ಬಿದಿರಿನ ಕಂಬಗಳ ಕಟ್ಟಿನಿಂದಲೇ ಪಾಲು ಶುರುವಾಯಿತು. ಅದು ಅಬ್ಬಾ ಕೊನೆಯ ಸಲ ಬಿಗಿದ ಗಂಟು. ಜಾವೇದ ಎಳೆದ, ಬರಲಿಲ್ಲ. ಖಲಂದರ ಹಲ್ಲು ಹಚ್ಚಿದ, ಬರಲಿಲ್ಲ.

"ಕುಡಗೋಲು ತಾ, ಕೊಯ್ಯೋಣು." ಎಷ್ಟೋ ದಿನದ ಮೇಲೆ ಜಾವೇದ ತಮ್ಮನಿಗೆ ಆಡಿದ ಮಾತು.

"ಕೊಯ್ಯಬ್ಯಾಡ್ರಿ," ನಾಹೀದಾ ಅಂದಳು.

ಅಬ್ಬಾ ಗಂಟು ಹಾಕುವಾಗ ಪಕ್ಕದಲ್ಲಿ ನಿಂತು ನೋಡುತ್ತಿದ್ದವಳು ಅವಳೇ. ಅಡಿಯ ಎಳೆಯನ್ನು ಒಳಗೆ ನೂಕಿ ಮೇಲಿನದನ್ನು ಸಡಿಲಿಸಿದಳು. ಕಟ್ಟು ಬಿಚ್ಚಿಕೊಂಡಿತು. ಕಂಬಗಳು ದಡದಡನೆ ನೆಲದ ಮೇಲೆ ಉರುಳಿದವು. ಒಂದೂ ಮುರಿಯಲಿಲ್ಲ.

ಖಲಂದರ ಹಗ್ಗ ಎತ್ತಿ ಹಿಡಿದ. "ಇದು ಯಾರ ಪಾಲಿಗಿ?"

"ನಂಗ," ಅಂದಳು ನಾಹೀದಾ. ಅದನ್ನು ಮೊಣಕೈಗೆ ಸುತ್ತಿಕೊಳ್ಳುತ್ತ, ಸೋಮವಾರ ಗಂಗಾವತಿಗೆ ಮೊದಲ ಬಸ್ಸು ಎಷ್ಟಕ್ಕೆ ಎಂದು ತಮ್ಮಂದಿರನ್ನು ಕೇಳಿದಳು.