ಸಾಂದ್ರತೆಯ ಸಾಲು

ಆರುನೂರ ತೊಂಬತ್ತು. ಸ್ಕ್ಯಾನ್ ಸೆಂಟರಿನ ರೇಡಿಯಾಲಜಿಸ್ಟ್ ರಾಮಪ್ರಸಾದ ಮೌಸನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಒತ್ತಿದ. ಆರುನೂರ ಎಂಬತ್ತೆಂಟು. ಮೂರು ತಿಂಗಳ ಹಿಂದೆ, ಇದೇ ದವಡೆಯ ಇದೇ ಜಾಗಕ್ಕೆ ಅವನೇ ಸಹಿ ಹಾಕಿ ಕೊಟ್ಟಿದ್ದ ಸಂಖ್ಯೆ ನಾನೂರ ಇಪ್ಪತ್ತು.

ಎಲುಬೇನೂ ಅಷ್ಟರಲ್ಲಿ ಗಟ್ಟಿಯಾಗಿರಲಿಲ್ಲ. ಆಗ ಇಡೀ ಮುಖದ ಸ್ಕ್ಯಾನ್ ತೆಗೆದಿದ್ದರು, ಈಗ ಬರೀ ಕೆಳದವಡೆಯದು. ಆಸ್ಪತ್ರೆಯ ದೊಡ್ಡ ಸಿಟಿ ಸ್ಕ್ಯಾನ್ ಯಂತ್ರದ ಸಂಖ್ಯೆಗೆ ಒಂದು ನೆಲೆಯಿದೆ. ಹಲ್ಲಿನವರ ಈ ಯಂತ್ರಕ್ಕೆ ಅಂಥ ಹಂಗಿಲ್ಲ. ಸ್ಕ್ಯಾನಿನ ಹರವು ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ; ಗದ್ದ ಕೊಂಚ ಮೇಲಾದರೆ ಒಂದು ಹೇಳುತ್ತದೆ, ಕೆಳಗಾದರೆ ಇನ್ನೊಂದು. ಎರಡು ವರ್ಷದ ಹಿಂದೆ, 2007ರಲ್ಲಿ, ಯಂತ್ರ ಬಂದ ತಿಂಗಳಲ್ಲೇ ರಾಮಪ್ರಸಾದನಿಗೆ ಇದು ಗೊತ್ತಾಗಿತ್ತು. ಗೊತ್ತಿದ್ದೂ ವರದಿಯ ಕೊನೆಗೆ ‘ಎಲುಬಿನ ಸಾಂದ್ರತೆ’ ಎಂಬ ಸಾಲು ಸೇರಿಸಿದವನು ಅವನೇ. ಜಯನಗರದಲ್ಲಿ ಬೇರೆ ಯಾರೂ ಕೊಡುತ್ತಿರಲಿಲ್ಲ. ಡಾಕ್ಟರುಗಳಿಗೆ ಬಹಳ ಹಿಡಿಸಿತು.

ವರದಿ ಬರೆಯುವ ಮೊದಲೇ ಟೆಕ್ನಿಷಿಯನ್ ಹಂಸಾ ಸಂಖ್ಯೆಯನ್ನು ಡಾಕ್ಟರಿಗೆ ಫೋನಿನಲ್ಲಿ ಹೇಳಿಬಿಡುವುದು ಅಲ್ಲಿನ ಪದ್ಧತಿ. ಬೆಳಿಗ್ಗೆಯೇ ಹೇಳಿಯಾಗಿತ್ತು. ಗಿರಿನಗರದ ಡಾಕ್ಟರ್ ಬೈಲಪ್ಪ ಸಂಜೆ ಆರಕ್ಕೆ ದವಡೆಗೆ ಕೃತಕ ಹಲ್ಲಿನ ತಿರುಪು ಕೂರಿಸಿ, ಎಲುಬು ಗಟ್ಟಿಯಿದೆಯಲ್ಲ ಎಂದು ಇವತ್ತೇ ಮೇಲೆ ಹಲ್ಲನ್ನೂ ತೊಡಿಸುವವರಿದ್ದರು. ಎಲುಬು ಮೆದುವಾಗಿದ್ದರೆ ಎರಡೂ ಒಟ್ಟಿಗೆ ಕಳಚಿಕೊಂಡು ಬರುತ್ತವೆ.

ಈ ಸಂಖ್ಯೆಯನ್ನು ನೆಚ್ಚಬೇಡಿ, ಕೊರೆಯುವಾಗ ಕೈಗೆ ಸಿಗುವ ಹಿಡಿತ ನೋಡಿ ತೀರ್ಮಾನಿಸಿ ಎಂದು ಅವನು ಟೈಪ್ ಮಾಡಿದ. ಓದಿದ. ಹಾಗಾದರೆ ಇಷ್ಟು ದಿನ ಕೊಟ್ಟದ್ದೇನು ಎಂದು ಯಾರಾದರೂ ಕೇಳದಿರುತ್ತಾರೆಯೇ? ಎರಡು ಸಾವಿರ ವರದಿಗಳು. ವಾಕ್ಯವನ್ನು ಅಳಿಸಿ ಸಹಿ ಹಾಕಿದ.

ಮೂರು ಗಂಟೆಗೆ ಆ ದವಡೆಯ ಒಡತಿ ಶಿವಬಸಮ್ಮ ವರದಿ ಒಯ್ಯಲು ಬಂದರು. ಗದಗದ ಕಡೆಯ ನಿವೃತ್ತ ಶಿಕ್ಷಕಿ, ಈಗ ಬಿಟಿಎಂನಲ್ಲಿ ಮಗಳ ಮನೆ. ಹಳೆಯ ಸಂಖ್ಯೆಯನ್ನು ನೋಡಿ ಬೈಲಪ್ಪ ವಾಪಸು ಕಳಿಸಿದ ಮೇಲೆ ಮೂರು ತಿಂಗಳು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿಂದಿದ್ದರಂತೆ. ಎಲುಬು ಗಟ್ಟಿಯಾಗಲೆಂದು ದಿನಕ್ಕೆರಡು ಎಳ್ಳುಂಡೆ ತಪ್ಪಿಸಿರಲಿಲ್ಲವಂತೆ.

"ನಂಬರ್ ಏರೇತಿ ಅಂತಲ್ರಿ?"

"ಏರಿದೆ." ಅದು ಸುಳ್ಳಾಗಿರಲಿಲ್ಲ. ಸಂಖ್ಯೆ ಏರಿತ್ತು.

"ಖರೇ ಗಟ್ಟಿ ಆಗೇತೇನ್ರಿ?"

"ಡಾಕ್ಟರ್ ನೋಡ್ತಾರಮ್ಮ."

ಅವರು ಲಕೋಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ನಿಮ್ಮ ಉಪಕಾರ ಮರೆಯೋದಿಲ್ಲ ಎಂದು ಹೇಳಿ ಹೋದರು. ಆ ಮಾತು ಅವನಿಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು. ನಾನೂರ ಇಪ್ಪತ್ತು ತಪ್ಪಾಗಿದ್ದರೆ ಮುದುಕಿಯನ್ನು ಸುಮ್ಮನೆ ಕಾಯಿಸಿದ್ದಾಯಿತು. ಆರುನೂರ ತೊಂಬತ್ತು ತಪ್ಪಾಗಿದ್ದರೆ ಇವತ್ತು ಸಂಜೆ ಹಾಕಿದ ಹಲ್ಲು ನಿಲ್ಲುವುದಿಲ್ಲ. ಯಾವುದು ತಪ್ಪೆಂದು ಅವನಿಗೂ ಗೊತ್ತಿರಲಿಲ್ಲ. ಎರಡೂ ಇರಬಹುದು.

ನಾಲ್ಕೂವರೆಗೆ ಅವನೇ ಬೈಲಪ್ಪನವರಿಗೆ ಫೋನ್ ಮಾಡಿದ.

"ಸಾರ್, ಕೊರೆಯೋವಾಗ ಸ್ವಲ್ಪ ಕೈಯಲ್ಲೂ ನೋಡ್ಕೊಳ್ಳಿ."

"ನಿಮ್ಮ ನಂಬರ್ ಇದ್ಯಲ್ಲ ಸಾರ್. ಯಾಕೆ, ಏನಾದ್ರೂ ಡೌಟಾ?"

"ಇಲ್ಲ. ಸುಮ್ನೆ ಹೇಳ್ದೆ."

ಆಮೇಲೆ ಒಂದು ಗಂಟೆ ಅವನು ಯಾವ ಫೈಲನ್ನೂ ಮುಟ್ಟಲಿಲ್ಲ. ಕೈಯಲ್ಲೊಂದು ಸಾಕ್ಷಿಯಿದ್ದರೆ ಮಾತು ಬಂದೀತು ಅನ್ನಿಸಿತು. ತನ್ನ ದವಡೆಯನ್ನೇ ಎರಡು ಬಗೆಯಲ್ಲಿ, ಇಡೀ ಮುಖದೊಂದಿಗೆ ಒಮ್ಮೆ, ಬರೀ ದವಡೆ ಒಮ್ಮೆ, ತೆಗೆಸುವುದು. ಎರಡು ಸಂಖ್ಯೆ ಬಂದೊಡನೆ ಬೈಲಪ್ಪನವರಿಗೆ ಹೇಳಿಬಿಡುವುದು. ಸುಮ್ಸುಮ್ನೆ ಯಾಕೆ ಸಾರ್ ರೇಡಿಯೇಷನ್ ಎಂದು ಹಂಸಾ ರಾಗ ಎಳೆದಳು. ಯಂತ್ರದ ಪರೀಕ್ಷೆ ಎಂದ.

ಐದೂಮುಕ್ಕಾಲಿಗೆ ಕುರ್ಚಿಯಲ್ಲಿ ಕೂತ. ಗದ್ದ ಊರಿ, ತಲೆ ಅಲುಗದಂತೆ ಹಿಡಿಯುವ ಪ್ಲಾಸ್ಟಿಕ್ ಕಡ್ಡಿಯನ್ನು ಹಲ್ಲುಗಳ ನಡುವೆ ಕಚ್ಚಿದ. ಯಂತ್ರದ ತೋಳು ಅವನ ತಲೆಯ ಸುತ್ತ ತಿರುಗತೊಡಗಿತು. ಹೊರಗೆ ಮೇಜಿನ ಮೇಲಿದ್ದ ಅವನ ಫೋನ್ ಬಡಿದುಕೊಂಡಿತು.

"ಬೈಲಪ್ಪ ಸಾರ್ ಫೋನು," ಗಾಜಿನ ಆಚೆಯಿಂದ ಹಂಸಾ ದನಿಯೆತ್ತಿ ಹೇಳಿದಳು. "ಆ ಅಜ್ಜಿ ಚೇರಲ್ಲಿ ಕೂತಿದ್ದಾರಂತೆ. ಇವತ್ತೇ ಹಲ್ಲು ಹಾಕ್ಬಹುದಾ, ನಿಮ್ಮ ಬಾಯಲ್ಲೇ ಕೇಳ್ಬೇಕಂತೆ."

ಅಲುಗುವಂತಿಲ್ಲ. ಉಗುಳು ನುಂಗುವಂತಿಲ್ಲ. ಬಾಯಿ ತೆರೆಯುವಂತಿಲ್ಲ. ಎರಡು ವರ್ಷದಿಂದ ದಿನಕ್ಕೆ ಮೂರು ನಾಲ್ಕು ಸಲ ಅವನೇ ಹೇಳಿದ ಮಾತುಗಳು. ಎದೆಯಲ್ಲಿ ನೆಮ್ಮದಿಯಂಥದ್ದೇನೋ ಹರಡಿತು. ಅದಕ್ಕೆ ಅವನು ಹೆದರಿದ.

ತೋಳು ಸುತ್ತು ಮುಗಿಸಿ ನಿಂತಿತು. ಹಂಸಾ ಬಾಗಿಲು ತೆರೆದು ಬಂದು ಫೋನನ್ನು ಅವನ ಕಿವಿಗೆ ಹಿಡಿದಳು. ಹಲೋ, ಹಲೋ ಎಂದು ಬೈಲಪ್ಪ ಕರೆಯುತ್ತಿದ್ದರು. ಹಿಂದೆಲ್ಲೋ ಕೊರೆಯುವ ಯಂತ್ರ ಒಮ್ಮೆ ಗುಂಯ್‌ಗುಟ್ಟಿ ಸುಮ್ಮನಾಯಿತು.

ರಾಮಪ್ರಸಾದ ಕಡ್ಡಿಯನ್ನು ಇನ್ನೂ ಬಲವಾಗಿ ಕಚ್ಚಿದ.