ಹಿತ್ತಲಲ್ಲಿ ಕುಳಿತ ಹೆಂಗಸರು

ಬ್ಯಾಡಗಿಯ ಪ್ರೇಮವ್ವನಿಗೆ ಆ ಹೆಂಗಸರು ಮೊದಲ ಸಲ ಕಂಡದ್ದು ಸಂಕ್ರಮಣ ಕಳೆದ ಮೇಲೆ, ಒಂದು ಮಧ್ಯಾಹ್ನ. ಉಂಡು ಕೈ ತೊಳೆಯಲು ಹಿತ್ತಲಿಗೆ ಬಂದಿದ್ದಳು. ಬೇವಿನ ಮರದ ಕೆಳಗೆ ನಾಲ್ಕಾರು ಹೆಂಗಸರು ಸಾಲಾಗಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಮಗ ಶಂಭುಲಿಂಗನದು ಮೆಣಸಿನಕಾಯಿ ವ್ಯಾಪಾರ. ಸುಗ್ಗಿಯಲ್ಲಿ ಆಳುಗಳು ಬಂದು ಕೂರುವುದು ಆ ಮನೆಗೆ ಹೊಸದೇನಲ್ಲ.

"ಯಾವೂರವರವ್ವಾ ನೀವು?" ಎಂದು ಕೇಳಿದಳು.

ಯಾರೂ ತಲೆ ಎತ್ತಲಿಲ್ಲ. ಕೈಗಳು ಆಡುತ್ತಲೇ ಇದ್ದವು, ಆದರೆ ಒಂದಿಷ್ಟೂ ಸಪ್ಪಳವಿಲ್ಲ. ಅಷ್ಟು ಮೆಣಸಿನಕಾಯಿ ಎದುರಿಗೆ ಬಿದ್ದಿದ್ದರೂ ಮೂಗಿಗೆ ಘಾಟು ಹತ್ತಲಿಲ್ಲ. ಪ್ರೇಮವ್ವ ಒಳಗೆ ತಿರುಗಿ ಸೊಸೆಯನ್ನು ಕೂಗಿದಳು. ಮತ್ತೆ ನೋಡಿದರೆ ಬರೀ ಬೇವಿನ ನೆರಳು.

"ಇಲ್ಲಿ ಕುಂತೋರು ಎಲ್ಲಿ ಹೋದ್ರ?"

"ಯಾರ್ರೀ ಅತ್ತಿ?" ಎಂದಳು ಸೊಸೆ ನಿರ್ಮಲಾ. "ಇವತ್ತ ಅಮಾಸಿ. ಆಳು ಯಾರೂ ಬಂದಿಲ್ಲ."

ಪ್ರೇಮವ್ವ ಮಾತು ಬದಲಿಸಿದಳು. ಆದರೆ ಹೆಂಗಸರು ಬರುವುದನ್ನು ಬಿಡಲಿಲ್ಲ. ಒಮ್ಮೆ ಹಿತ್ತಲಲ್ಲಿ, ಒಮ್ಮೆ ಪಡಸಾಲೆಯ ಮೂಲೆಯಲ್ಲಿ, ಒಮ್ಮೆ ಅವಳ ಹಾಸಿಗೆಯ ಪಕ್ಕದಲ್ಲೇ ಕುಳಿತಿರುತ್ತಿದ್ದರು. ಅವರಲ್ಲಿ ಪರಿಚಯದ ಮುಖ ಒಂದೂ ಇರಲಿಲ್ಲ. ಎರಡು ವರ್ಷದಿಂದ ಅವಳ ಕಣ್ಣು ಮಂಜಾಗುತ್ತ ಬಂದಿತ್ತು. ಮೊಮ್ಮಗಳು ಭುವನಾ ಎದುರಿಗೆ ನಿಂತರೂ ಮುಖ ನೀರಲ್ಲಿ ಕದಡಿದಂತೆ ಕಾಣುತ್ತಿತ್ತು. ಈ ಹೆಂಗಸರ ಸೀರೆಯ ಅಂಚು ಮಾತ್ರ ಎಳೆ ಎಳೆಯಾಗಿ ಕಾಣುತ್ತಿತ್ತು. ಕೈಬಳೆಯ ಚುಕ್ಕೆ, ಕಿವಿಯ ಪಕ್ಕದ ಬೆವರ ಹನಿ, ಎಲ್ಲ ಸ್ವಚ್ಛ. ಅದೇ ಅವಳನ್ನು ಹೆಚ್ಚು ಹೆದರಿಸಿದ್ದು.

ಯಾರ ಮುಂದೆ ಹೇಳುವುದು? ಕಾಗಿನೆಲೆಗೆ ಕೊಟ್ಟಿದ್ದ ಅವಳ ಅಕ್ಕ ಗದಿಗೆವ್ವ ಮುಪ್ಪಿನಲ್ಲಿ "ತೊಲಿ ಮ್ಯಾಲ ಹುಡುಗರು ಕುಂತಾವು" ಎನ್ನುತ್ತಿದ್ದಳು. ಮನೆಯವರು ಮೊದಲು ನಕ್ಕರು, ಆಮೇಲೆ ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪಿನಿಂದ ಹೊಡೆಸಿದರು, ಕಡೆಗೆ ಹಿಂದಿನ ಕೋಣೆಯಲ್ಲಿಟ್ಟು ಸಾಯುವವರೆಗೂ ಹೊರಗಿನಿಂದ ಚಿಲಕ ಹಾಕಿಟ್ಟರು. ಪ್ರೇಮವ್ವ ನೋಡಲು ಹೋದಾಗ ಅಕ್ಕ ಆ ಚಿಲಕದ ಹಿಂದಿನಿಂದಲೇ ಮಾತಾಡಿದ್ದಳು.

ಆದ್ದರಿಂದ ಪ್ರೇಮವ್ವ ತನಗೆ ತಾನೇ ಒಂದು ಪಾಠ ಮಾಡಿಕೊಂಡಳು. ಸುಮ್ಮನೆ ಕುಳಿತ ಹೆಂಗಸು ಕಂಡರೆ ಮಾತಾಡಿಸಬಾರದು, ನೆಟ್ಟಗೆ ನೋಡಬಾರದು, ಏನೂ ಇಲ್ಲವೆಂಬಂತೆ ದಾಟಿ ಹೋಗಬೇಕು. ದಿನ ಕಳೆದಂತೆ ಅದರಲ್ಲಿ ಪಳಗಿದಳು.

ಆ ದಿನಗಳಲ್ಲೇ ರಾಣೆಬೆನ್ನೂರಿನ ಮುಸರತ ಎಂಬ ಹುಡುಗಿ ಮನೆಗೆ ಬಂದಳು. ಅರವತ್ತು ದಾಟಿದವರ ನೆನಪು ಹೇಗಿದೆ, ಕಾಯಿಲೆಯಾದರೂ ಅವರು ದವಾಖಾನೆಗೆ ಯಾಕೆ ಬರುವುದಿಲ್ಲ ಎಂದು ತಿಳಿಯುವ ಒಂದು ಸಂಶೋಧನೆಗಾಗಿ ಅವಳು ಮನೆಮನೆ ಸುತ್ತುತ್ತಿದ್ದಳು; ಸರಕಾರಿ ದವಾಖಾನೆಯ ಡಾಕ್ಟರ್ ಪ್ರವೀಣಕುಮಾರರೂ ಅದರಲ್ಲಿದ್ದರು. ಮುಸರತ ಚಾಪೆಯ ಮೇಲೆ ಎದುರಿಗೆ ಕುಳಿತು ಮೂರು ಶಬ್ದ ಹೇಳಿದಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಾಗ ಪ್ರೇಮವ್ವ ಮೂರನ್ನೂ ತಡವರಿಸದೆ ಹೇಳಿದಳು. ವಾರ, ತಿಂಗಳು, ಊರ ಹೆಸರು ಯಾವುದರಲ್ಲೂ ತಪ್ಪಲಿಲ್ಲ. ಒಂದು ಚಿತ್ರ ತೋರಿಸಿ ಅದರಂತೆ ಬರೆಯಿರಿ ಎಂದಾಗ ಮಾತ್ರ ಪೆನ್ನು ಹಾಳೆ ಬಿಟ್ಟು ಚಾಪೆಯ ಮೇಲೆ ಹರಿಯಿತು.

"ಕಣ್ಣು ಕಾಣಂಗಿಲ್ಲೇನ್ರಿ ಅಜ್ಜಿ?"

"ಕಾಣತಾವ ಬಿಡವಾ. ಮುಪ್ಪಿನ ಕಣ್ಣು, ಇಷ್ಟ."

ಮುಸರತ ದನಿ ತಗ್ಗಿಸಿದಳು. "ಮತ್ತ, ಬ್ಯಾರೇದವ್ರಿಗೆ ಕಾಣದ್ದು ಏನಾರ ನಿಮಗ ಕಾಣತೈತೇನ್ರಿ? ಮನಷ್ಯಾರು, ಹುಡುಗರು, ಹಂಗ?"

ಆ ಹುಡುಗಿಯ ಬೆನ್ನ ಹಿಂದೆಯೇ ಒಬ್ಬಳು ಕುಳಿತಿದ್ದಳು. ಕೆಂಪು ಅಂಚಿನ ಕಪ್ಪು ಸೀರೆ. ಪ್ರೇಮವ್ವ ಗೋಡೆಯ ಕಡೆ ಮುಖ ಮಾಡಿ, "ಇಲ್ಲವಾ, ಅಂಥಾದ್ದೇನಿಲ್ಲ" ಎಂದಳು.

ಮುಸರತ ಏಳುವಾಗ ಹೇಳಿದಳು, "ಒಮ್ಮೆ ದವಾಖಾನಿಗೆ ಬರ್ರಿ ಅಜ್ಜಿ. ನಿಮ್ಮ ನೆನಪು ಭಾಳ ಛಲೋ ಐತಿ. ಕಣ್ಣೊಂದ ತೋರಸ್ರಿ." ಪ್ರೇಮವ್ವ ಹೂಂ ಅಂದಳು, ಹೋಗಲಿಲ್ಲ.

ಶಿವರಾತ್ರಿ ಮುಗಿದು ಬಿಸಿಲು ಏರಿತ್ತು. ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿದ್ದರು. ಆ ದಿನ ಶಂಭುಲಿಂಗ ಮಾರುಕಟ್ಟೆಗೆ ಹೋಗಿದ್ದ, ಭುವನಾ ಶಾಲೆಗೆ. ಪ್ರೇಮವ್ವ ಬಚ್ಚಲಿಗೆಂದು ಹಿತ್ತಲಿಗೆ ಬಂದಾಗ ಮಾಳಿಗೆಯ ಮೆಟ್ಟಿಲ ಬುಡದಲ್ಲಿ, ಗೋಡೆಗೆ ಒರಗಿ ಒಬ್ಬ ಹೆಂಗಸು ಕುಳಿತಿದ್ದಳು. ಒಂದು ಕೈ ಅರ್ಧ ಮೇಲೆದ್ದು ಮತ್ತೆ ಕೆಳಗೆ ಬಿತ್ತು. ಪ್ರೇಮವ್ವ ಪಾಠದಂತೆ ಮುಖ ತಿರುಗಿಸಿ ದಾಟಿದಳು. ಮರಳಿ ಬರುವಾಗಲೂ ದಾಟಿದಳು. ಒಳಗೆ ಹೋಗಿ ನೀರು ಕುಡಿದು, ಕಂಬಕ್ಕೆ ಒರಗಿ ಕುಳಿತು, ಎಲೆಗೆ ಸುಣ್ಣ ಹಚ್ಚತೊಡಗಿದಳು.

ಆಗ ಅವಳ ಕೈ ನಿಂತಿತು. ಆ ಹೆಂಗಸಿನ ಸೀರೆಯ ಅಂಚು ಎಂಥದಿತ್ತು? ನೆನಪಾಗಲಿಲ್ಲ. ಮುಖ? ಮುಖ ಕದಡಿತ್ತು. ಇಲ್ಲದವರು ಸ್ವಚ್ಛ ಕಾಣುತ್ತಾರೆ. ಮಂಜಾಗಿ ಕಾಣುವವರು ನಿಜವಾಗಿ ಇರುವವರು.

ಎಲೆ ಚೆಲ್ಲಿ ಎದ್ದು ಓಡಿದಳು. ಮುಟ್ಟಿದರೆ ಬೆಚ್ಚಗಿನ ಮೈ, ಕೂದಲ ತುಂಬ ಅಂಟು ರಕ್ತ. ನಿರ್ಮಲಾ ಮೆಟ್ಟಿಲಿನಿಂದ ಉರುಳಿ ಬಿದ್ದಿದ್ದಳು. ಪ್ರೇಮವ್ವನ ಚೀರಾಟಕ್ಕೆ ಪಕ್ಕದ ಮನೆಯ ಮೈಮುನಾಬಿ ಗೋಡೆ ಸುತ್ತಿ ಓಡಿಬಂದಳು. ಯಾರದೋ ಟೆಂಪೋದಲ್ಲಿ ಹಾಕಿಕೊಂಡು ಹಾವೇರಿಗೆ ಹೋದರು.

ನಿರ್ಮಲಾ ಉಳಿದಳು. ತಲೆಗೆ ಹೊಲಿಗೆ ಬಿದ್ದವು, ಹೆಗಲ ಎಲುಬು ಮುರಿದಿತ್ತು. ಎಚ್ಚರ ಪೂರ್ತಿ ಬಂದ ದಿನ ಅವಳು ಅತ್ತೆಯನ್ನು ಹತ್ತಿರ ಕರೆದಳು.

"ಅತ್ತಿ, ನೀವು ನನ್ನ ನೋಡಿದ್ರಿ. ನಾ ಕೈ ಎತ್ತಿದೆ. ಮಾತು ಬರವಲ್ದಾಗಿತ್ತು. ನೀವು ಹಂಗ ಹೋದ್ರಿ. ಯಾಕ?"

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಪ್ರೇಮವ್ವ ತಡೆದುಕೊಳ್ಳುತ್ತಿದ್ದಳೇನೋ. ಮಂಚದ ಅಂಚು ಹಿಡಿದು ನೆಲಕ್ಕೆ ಕುಸಿದು, ಮಗ ಸೊಸೆ ಇಬ್ಬರ ಮುಂದೆಯೂ ಎಲ್ಲ ಹೇಳಿದಳು. "ನೀನೂ ಅವರೊಳಗಿನಾಕಿ ಅಂತ ತಿಳದೆ ನನ್ನವ್ವಾ. ನನಗ ಹುಚ್ಚ ಹಿಡದೈತಿ. ಬೇಕಾದ್ರ ಚಿಲಕ ಹಾಕ್ರಿ."

ಶಂಭುಲಿಂಗ ಚಿಲಕ ಹಾಕಲಿಲ್ಲ. ಊರಿಗೆ ಮರಳಿದ ಮೇಲೆ ಡಾಕ್ಟರ್ ಪ್ರವೀಣಕುಮಾರರ ಬಳಿ ಕರೆದುಕೊಂಡು ಹೋದ. ಅವರು ಬ್ಯಾಟರಿ ಹಾಕಿ ಕಣ್ಣು ನೋಡಿದರು, ಮುಸರತಳ ಪರೀಕ್ಷೆಯಲ್ಲಿ ಪ್ರೇಮವ್ವ ಕೊಟ್ಟ ಉತ್ತರಗಳನ್ನೂ ನೋಡಿದರು.

"ಅಮ್ಮಾರ, ನಿಮ್ಮ ತಲಿ ನೆಟ್ಟಗೈತಿ. ಕಣ್ಣಿಗೆ ಪೊರಿ ಬಂದೈತಿ. ಕಣ್ಣು ಕಾಣದಂಗಾದಾಗ ಕೆಲವ್ರಿಗೆ ಮಿದುಳ ತಾನ ಚಿತ್ರ ಮಾಡಿ ತೋರಸತೈತಿ. ಹುಚ್ಚಲ್ಲ, ಗಾಳಿಯಲ್ಲ. ಇಂಥವರು ಭಾಳ ಮಂದಿ ಅದಾರ. ಅಂಜಿ ಯಾರೂ ಹೇಳಂಗಿಲ್ಲ."

ಪ್ರೇಮವ್ವ ಕೇಳಿದಳು, "ನಮ್ಮಕ್ಕನ ಕಣ್ಣಾಗ ಗುಡ್ಡಿ ಬೆಳ್ಳಗಾಗಿದ್ವು. ಆಕಿಗೂ ಇದ ಆಗಿತ್ತೇನ್ರಿ?"

"ಈಗ ಖಾತ್ರಿ ಹೇಳಾಕ ಬರಂಗಿಲ್ಲ," ಎಂದರು ಡಾಕ್ಟರು. "ಆಗಿರಬಹುದು."

ಹಾವೇರಿಯಲ್ಲಿ ಬಲಗಣ್ಣಿನ ಪೊರೆ ತೆಗೆದರು. ಎಡಗಣ್ಣಿನ ನರ ಮೊದಲೇ ಹೋಗಿತ್ತು, ಅದಕ್ಕೆ ಮದ್ದಿರಲಿಲ್ಲ. ಭುವನಾಳ ಮುಖ ಮತ್ತೆ ಕಂಡಿತು. ಹಿತ್ತಲ ಹೆಂಗಸರು ಕಡಿಮೆಯಾದರು, ಆದರೆ ಪೂರ್ತಿ ಹೋಗಲಿಲ್ಲ. ಸಂಜೆ ಮಬ್ಬಿನಲ್ಲಿ ಒಬ್ಬಿಬ್ಬರು ಬಂದು ಕೂರುತ್ತಾರೆ. ಈಗ ಪ್ರೇಮವ್ವ ಯಾರನ್ನೂ ಸುಮ್ಮನೆ ದಾಟುವುದಿಲ್ಲ. ಕುಳಿತವರು ಕಂಡರೆ ನಿಂತು, ಬಗ್ಗಿ, ಹೆಗಲು ಮುಟ್ಟಿ ನೋಡುತ್ತಾಳೆ. ಕೈ ಗಾಳಿಯಲ್ಲಿ ಹೋದರೆ ಮುಂದೆ ನಡೆಯುತ್ತಾಳೆ.

ಬೇಸಿಗೆಯ ಕೊನೆಗೆ ಮಗನ ಜೊತೆ ಕಾಗಿನೆಲೆಗೆ ಹೋದಳು. ಅಕ್ಕನ ಮಗ ನಿಜಲಿಂಗಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಅವನ ತಲೆಯೂ ಬೆಳ್ಳಗಾಗಿತ್ತು. ಪ್ರೇಮವ್ವ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. "ನಿಮ್ಮವ್ವಗ ಹುಚ್ಚ ಇರಲಿಲ್ಲೇನೋಪಾ. ಇದ್ದದ್ದೂ ಇರಬಹುದು. ಆದ್ರ ನಿನಗ ಹೇಳಬೇಕನಿಸ್ತು."

ನಿಜಲಿಂಗಪ್ಪ ಸರಿದು ಅವಳಿಗೆ ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟ.

"ಚಿಗವ್ವಾ, ಕಡೀ ದಿನ ನಾ ಚಿಲಕ ತಗದು ಒಳಗ ಹೋಗಿದ್ದೆ. ಅವ್ವ ಅಂದೆ. ಆಕಿ ನನ್ನ ಕಡೆ ನೋಡಿ, 'ಇವನೂ ಬಂದ, ಮಾತಾಡಬಾರದು' ಅಂತ ಕಣ್ಣ ಮುಚ್ಚಿಕೊಂಡ್ಳು. ಆಮ್ಯಾಲೆ ಕಣ್ಣ ಬಿಡಲೇ ಇಲ್ಲ."

ಪ್ರೇಮವ್ವ ಅವನ ಮುಂಗೈ ಹಿಡಿದುಕೊಂಡು, ಬಸ್ಸಿನ ಹೊತ್ತಾಗುವವರೆಗೂ ಅಲ್ಲೇ ಕುಳಿತಳು.