ಜಾಮ್ ಚೀಟಿ ಅಂಟಿಸಿದ ಎಂಜಿನ್

ನನ್ನ ಗಂಡನ ಅಣ್ಣ ರಾಯ್ಸ್‌ನ ಹಿತ್ತಲಿನಲ್ಲಿ ಏಳು ಕಾರುಗಳಿವೆ. ಒಂದೂ ಓಡುವುದಿಲ್ಲ. ಒಂದರ ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಡುತ್ತದೆ. ಇನ್ನೊಂದರ ನೆಲ ತೂತಾಗಿ, ಅದರೊಳಗಿನಿಂದ ಎದ್ದ ಮಲ್ಬೆರಿ ಗಿಡ ಚಾವಣಿ ಮುಟ್ಟಿದೆ. ಅವನ್ನು ಯಾರಾದರೂ ಗುಜರಿ ಎಂದರೆ ರಾಯ್ಸ್‌ಗೆ ಸಿಟ್ಟು. ಅವೆಲ್ಲ ಕೆಲಸ ನಡೆಯುತ್ತಿರುವ ಕಾರುಗಳಂತೆ. ನಾನು ಮದುವೆಯಾಗಿ ಇಂಡಿಯಾನಾದ ಈ ಊರಿಗೆ ಬಂದಾಗಲೂ ಮೊದಲನೆಯದರ ಕೆಲಸ ನಡೆಯುತ್ತಿತ್ತು. ಅದರ ಬಾನೆಟ್ಟಿನ ಮೇಲೆ ಬಿಯರ್ ಕ್ಯಾನ್ ಇಟ್ಟುಕೊಂಡು, ವಾಬಾಶ್ ನದಿಯ ಎರಡೂ ದಡದ ಮೆಕ್ಯಾನಿಕ್‌ಗಳು ಎಂಥ ಅಯೋಗ್ಯರು ಎಂದು ಆತ ವಿವರಿಸುತ್ತಿದ್ದ. ಕ್ಯಾನು ಬದಲಾಗಿದೆ, ವಿವರಣೆ ಬದಲಾಗಿಲ್ಲ.

ಅದಕ್ಕೇ ನನ್ನ ಮಗಳು ಟ್ರೆಸ್ಸಾ ತನ್ನ ಡಾಟ್ಸನ್ ಕಾರನ್ನು ದೊಡ್ಡಪ್ಪನ ಗರಾಜಿಗೆ ಎಳೆದುಕೊಂಡು ಹೋಗುತ್ತೇನೆ ಎಂದಾಗ ನಾನು ಬಾಗಿಲಿಗೆ ಅಡ್ಡ ನಿಂತೆ.

"ಅಲ್ಲಿಗೆ ಹೋದದ್ದು ಯಾವ್ದೂ ವಾಪಸ್ ಬಂದಿಲ್ಲ ಕಣೇ," ಎಂದೆ.

"ನಮ್ಮ ಕೊಟ್ಟಿಗೆ ಮಣ್ಣಿನ ನೆಲ ಅಮ್ಮಾ. ಎಂಜಿನ್ ಎತ್ತೋ ಕ್ರೇನಿನ ಚಕ್ರ ಹೂತು ಹೋಗುತ್ತೆ. ಅವರ ಹತ್ರ ಕ್ರೇನಿದೆ, ಸಿಮೆಂಟ್ ನೆಲ ಇದೆ."

"ಬಾಯಿನೂ ಇದೆ."

ಅವಳು ನಕ್ಕಳು. ಟ್ರೆಸ್ಸಾ ಧಾನ್ಯದ ಉಗ್ರಾಣದಲ್ಲಿ ಲಾರಿಗಳನ್ನು ತೂಗುವ ಕೆಲಸದವಳು. ಹಗಲೆಲ್ಲ ಜೋಳದ ಧೂಳು ಕುಡಿದು, ಸಂಜೆ ಆ ಡಾಟ್ಸನ್ನಿನ ಪಕ್ಕ ಕೂತು ತುಕ್ಕು ಉಜ್ಜುತ್ತಿದ್ದಳು. ಉದ್ದ ಮೂತಿಯ, ಎರಡು ಬಾಗಿಲಿನ, ನಾನು ಹೈಸ್ಕೂಲಿನಲ್ಲಿದ್ದಾಗ ಡಾಕ್ಟರರ ಮಗ ಓಡಿಸುತ್ತಿದ್ದಂಥ ಕಾರು. ಅವಳು ಕೊಂಡಾಗಲೇ ಅದಕ್ಕೆ ಎಂಜಿನ್ ಇರಲಿಲ್ಲ. ಆ ಜಾಗದಲ್ಲಿ ಇಲಿಗೂಡಿತ್ತು.

ಎಂಜಿನ್ ನಮ್ಮ ಮನೆಯಲ್ಲೇ ಇತ್ತು. ಹಿಂದಿನ ಶರತ್ಕಾಲದಲ್ಲಿ ನನ್ನ ಗಂಡ ಲೈಲ್ ನಮ್ಮ ಹಳೆಯ ಪಿಕಪ್ ಟ್ರಕ್ಕನ್ನು ಜಿಂಕೆಗೆ ಗುದ್ದಿದ್ದ. ಮೂತಿ ಬಾಗಿಲಿನವರೆಗೆ ಮಡಚಿಕೊಂಡಿತು, ಎಂಜಿನ್‌ಗೆ ಒಂದು ಗೀರೂ ಬಿದ್ದಿರಲಿಲ್ಲ. ಮೂರು ಮಕ್ಕಳನ್ನು ಶಾಲೆಗೆ ಬಿಟ್ಟ, ಹುಲ್ಲು ಹೊತ್ತ, ಒಂದು ಸಲ ಆಸ್ಪತ್ರೆಯ ತನಕ ನನ್ನ ಹೆರಿಗೆ ನೋವನ್ನೂ ಹೊತ್ತ ಎಂಜಿನ್ ಅದು. ಟ್ರೆಸ್ಸಾ ಅದನ್ನು ಡಾಟ್ಸನ್‌ಗೆ ಕೂರಿಸುತ್ತಾಳೆ ಎಂದು ಕೇಳಿ ಊರಿನ ಗಂಡಸರು ಬೇಲಿ ಹಿಡಿದು ನಕ್ಕರು. "ಮೇಕೆಗೆ ಕೋಣದ ಗುಂಡಿಗೆ ಹಾಕ್ತಾಳಂತೆ," ಎಂದ ರಾಯ್ಸ್‌ನ ಪಕ್ಕದ ಮನೆಯ ಡ್ಯೂಯಿ. ಆದರೆ ಡ್ಯೂಯಿಯ ನಗುವಿನಲ್ಲಿ ವಿಷವಿಲ್ಲ. ಅವನು ತನ್ನ ಹುಲ್ಲು ಕತ್ತರಿಸುವ ಯಂತ್ರ ನೋಡಿಯೂ ಹಾಗೇ ನಗುತ್ತಾನೆ.

ಚಳಿಗಾಲ ಪೂರ್ತಿ ಟ್ರಕ್ಕಿನ ವೈರುಗಳು ನನ್ನ ಅಡುಗೆಮನೆಯ ಮೇಜಿನ ಮೇಲೆ ಮಲಗಿದ್ದವು. ಟ್ರಕ್ಕಿಗೆ ಬೇಕಾಗಿ ಡಾಟ್ಸನ್‌ಗೆ ಬೇಡವಾದ ವೈರುಗಳನ್ನು ಒಂದೊಂದಾಗಿ ಬಿಡಿಸಿ, ಉಳಿದವನ್ನು ಅಳತೆಗೆ ಕಟ್ಟಿ, ಟೇಪು ಸುತ್ತಬೇಕು. ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡಿದೆವು. ನಾನು ಒಂದು ಮೂಲೆಯಲ್ಲಿ ಪೈ ಹಿಟ್ಟು ಲಟ್ಟಿಸಿದರೆ ಅವಳು ಇನ್ನೊಂದು ಮೂಲೆಯಲ್ಲಿ ವೈರಿನ ತುದಿ ಕೆರೆಯುತ್ತಿದ್ದಳು. ಯಾವ ವೈರು ಎಲ್ಲಿಗೆ ಎಂದು ಗುರುತು ಹಾಕಲು ಚೀಟಿ ಬೇಕಾಯಿತು. ಹಿಂದಿನ ವರ್ಷ ಹಿಮ ಬಿದ್ದು ಸ್ಟ್ರಾಬೆರಿ ಹೂವೆಲ್ಲ ಸುಟ್ಟಿತ್ತು. ಜಾಮ್ ಬಾಟಲಿಗಳಿಗೆಂದು ನಾನು ಮೊದಲೇ ಬರೆದಿಟ್ಟ ಅಂಟುಚೀಟಿಗಳು ಹಾಗೇ ಉಳಿದಿದ್ದವು. ಅವಳು ಅವನ್ನೇ ಬಾವುಟದಂತೆ ವೈರುಗಳಿಗೆ ಅಂಟಿಸಿ, ನನ್ನ ಅಕ್ಷರದ ಕೆಳಗೆ ಪೆನ್ಸಿಲ್‌ನಲ್ಲಿ ತನ್ನ ಗುರುತು ಬರೆದಳು.

ಉಳಿದದ್ದು ಒಂದು ಕೆಲಸ. ಎಂಜಿನ್ನಿನ ಕಂಪ್ಯೂಟರ್ ಪೆಟ್ಟಿಗೆ ಇದೆಯಲ್ಲ, ಅದು ಕಳ್ಳರ ಭಯಕ್ಕೆ ತನ್ನ ಟ್ರಕ್ಕಿನ ಕೀಲಿಯನ್ನೇ ಹುಡುಕುತ್ತದೆ. ಕೀಲಿ ಗುರುತು ಸಿಗದಿದ್ದರೆ ಎಂಜಿನ್ನನ್ನು ನಡೆಯಗೊಡುವುದಿಲ್ಲ. ಆ ನೆನಪನ್ನು ಅಳಿಸಬೇಕು. ನಮ್ಮ ಕಡೆ ಅದನ್ನು ಮಾಡುವವನು ಲ್ಯಾಪ್‌ಟಾಪ್ ಹಿಡಿದು ಗಾಡಿ ರಿಪೇರಿ ಮಾಡುವ ಲೆಲ್ಯಾಂಡ್ ಕೂಂಟ್ಜ್ ಒಬ್ಬನೇ.

"ಅದನ್ನ ನನಗೆ ಬಿಡು ಮಗಾ," ಎಂದ ರಾಯ್ಸ್. "ಲೆಲ್ಯಾಂಡ್‌ಗೆ ನಾನು ಹೇಳಿದ್ರೆ ಕ್ಯೂ ಇರಲ್ಲ." ಪೆಟ್ಟಿಗೆಯನ್ನು ತನ್ನ ಗಾಡಿಯ ಸೀಟಿನ ಮೇಲೆ ಇಟ್ಟುಕೊಂಡು ಹೋದ. ಒಂದು ವಾರದ ಮೇಲೆ ತಂದು ಕೊಟ್ಟು, "ಆಯ್ತು," ಎಂದ. ಜೀವಮಾನದಲ್ಲಿ ಅವನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಆಗಲೇ ಅನುಮಾನ ಬರಬೇಕಿತ್ತು.

ಎಂಜಿನ್ ಕೂರಿಸಿದ ದಿನ ಗರಾಜಿನ ಮುಂದೆ ಮಡಚುವ ಕುರ್ಚಿಗಳು ಬಂದವು. ಡ್ಯೂಯಿ ಬಂದ, ಅವನ ತಮ್ಮಂದಿರು ಬಂದರು. ನಾನು ಬನ್ನಿನಂಥ ನಮ್ಮ ಕಡೆಯ ಬಿಸ್ಕತ್ತು, ಅದರ ಮೇಲೆ ಸುರಿಯುವ ಗ್ರೇವಿ ಒಯ್ದಿದ್ದೆ. ಟ್ರೆಸ್ಸಾ ಸ್ಟೀರಿಂಗ್ ಹಿಂದೆ ಕೂತು ಗುಂಡಿ ಒತ್ತಿದಳು. ಎಂಜಿನ್ ಒಮ್ಮೆ ಗುರ್ರೆಂದು ಎದ್ದು, ಯಾರೋ ಬಾಯಿ ಮುಚ್ಚಿದಂತೆ ಸತ್ತಿತು. ಮತ್ತೆ ಒತ್ತಿದಳು. ಮತ್ತೆ ಎದ್ದಿತು, ಮತ್ತೆ ಸತ್ತಿತು.

ಎಲ್ಲರೂ ರಾಯ್ಸ್‌ನ ಮುಖ ನೋಡಿದರು. ಅವನು ಟೋಪಿಯನ್ನು ಹಿಂದಕ್ಕೆ ಸರಿಸಿ, ಒಳಗೆ ಬಗ್ಗಿ, ವೈರಿನ ಕಟ್ಟನ್ನು ಸತ್ತ ಹಾವಿನಂತೆ ಎರಡು ಬೆರಳಲ್ಲಿ ಎತ್ತಿದ.

"ವೈರಿಂಗು," ಎಂದ. "ನಾನು ಮೊದ್ಲೇ ಅಂದ್ಕೊಂಡೆ. ಅಡುಗೆಮನೇಲಿ ಕಟ್ಟಿದ ವೈರಿಂಗು."

"ಒಂದೊಂದನ್ನೂ ಮೀಟರ್ ಇಟ್ಟು ನೋಡಿದ್ದೀನಿ ದೊಡ್ಡಪ್ಪ," ಎಂದಳು ಟ್ರೆಸ್ಸಾ. "ಇದು ಕೀಲಿ ಕೇಳ್ತಿರೋ ಹಾಗಿದೆ. ಲೆಲ್ಯಾಂಡ್ ಅದನ್ನ ಪೂರ್ತಿ ಅಳಿಸಿದ್ದಾರಾ?"

"ನಾನೇ ಪಕ್ಕದಲ್ಲಿ ನಿಂತು ಮಾಡ್ಸಿದ್ದೀನಿ. ನನ್ನ ಮಾತಿನ ಮೇಲೆ ನಂಬ್ಕೆ ಇಲ್ವಾ?"

ಅವಳು ಕಾರಿನಿಂದ ಇಳಿದು ಬಂದಳು. ನಾಲ್ಕು ಜನರ ಮುಂದೆ ದೊಡ್ಡಪ್ಪನನ್ನು ಸುಳ್ಳುಗಾರ ಎನ್ನುವ ಹಾಗೆ ನಾನು ಅವಳನ್ನು ಬೆಳೆಸಿಲ್ಲ. ಆ ದಿನ ಮಾತ್ರ ಹಾಗೇ ಬೆಳೆಸಬೇಕಿತ್ತು ಅನ್ನಿಸಿತು.

"ಬೇಜಾರ್ ಮಾಡ್ಕೋಬೇಡ," ರಾಯ್ಸ್ ಅವಳ ಬೆನ್ನು ತಟ್ಟಿದ. "ಹೆಣ್ಮಕ್ಕಳು ಇಷ್ಟು ಮಾಡಿದ್ದೇ ಹೆಚ್ಚು. ಶನಿವಾರ ಇದನ್ನೆಲ್ಲ ಕತ್ತರಿಸಿ ಬಿಸಾಕಿ, ಕಂಪ್ಯೂಟರೇ ಬೇಡದ ಹಳೇ ಕಾಲದ ಕಾರ್ಬ್ಯುರೇಟರ್ ಕೂರಿಸ್ತೀನಿ. ಅಲ್ಲೀವರೆಗೂ ಕಾರು ಇಲ್ಲೇ ಇರ್ಲಿ. ಕಾರ್ಬ್ಯುರೇಟರ್ ಹುಡುಕೋಕೆ ಟೈಮ್ ಆಗ್ಬಹುದು."

ಇಲ್ಲೇ ಇರಲಿ. ನಾನು ಹಿತ್ತಲಿನ ಕಡೆ ನೋಡಿದೆ. ಮಲ್ಬೆರಿ ಗಿಡದ ಪಕ್ಕದಲ್ಲಿ ಒಂದು ಕಾರಿನಷ್ಟು ಜಾಗ ಖಾಲಿಯಿತ್ತು.

ಆ ವಾರ ಟ್ರೆಸ್ಸಾ ಮೇಜಿನ ಮುಂದೆ ಕೂತು ಊಟ ಮಾಡಿದಳು. ಬರಿಯ ಮೇಜು ನೋಡಿ ನನಗೆ ಖುಷಿಯಾಗಬೇಕಿತ್ತು. ಅವಳು ಆಲೂಗಡ್ಡೆಯನ್ನು ತಟ್ಟೆಯ ಸುತ್ತ ಓಡಾಡಿಸಿ, "ಕತ್ತರಿಸ್ಲಿ ಬಿಡಮ್ಮಾ. ನಾನೇ ಎಲ್ಲೋ ತಪ್ಪಿರ್ಬೇಕು," ಎಂದಳು. ಕಾರು ಹೋದರೆ ಹೋಗಲಿ. ಆ ಮಾತು ಅವಳೊಳಗೆ ಬೇರು ಬಿಟ್ಟರೆ ಕೀಳುವವರು ಯಾರು?

ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದಲ್ಲಿ ಶುಕ್ರವಾರ ಮಾಂಸ ತಿನ್ನುವುದಿಲ್ಲ, ಚರ್ಚಿನಲ್ಲಿ ಮೀನೂಟ. ನಾನು ಕೋಸಿನ ಸಲಾಡ್ ಬಡಿಸುತ್ತಿದ್ದೆ. ಸಾಲಿನಲ್ಲಿ ತಟ್ಟೆ ಹಿಡಿದು ಲೆಲ್ಯಾಂಡ್ ಬಂದ.

"ನಿನಗೆ ಥ್ಯಾಂಕ್ಸ್ ಹೇಳೋಣ ಅಂದ್ರೆ ಕೆಲ್ಸ ಆಗಿಲ್ವಲ್ಲಪ್ಪಾ," ಎಂದೆ. "ಆ ಪೆಟ್ಟಿಗೆ."

"ಯಾವ ಪೆಟ್ಟಿಗೆ ಅಕ್ಕಾ?"

"ರಾಯ್ಸ್ ತಂದಿದ್ನಲ್ಲ. ಟ್ರೆಸ್ಸಾಳ ಎಂಜಿನ್ದು."

ಲೆಲ್ಯಾಂಡ್ ಮೀನಿನ ತುಂಡನ್ನು ಬಾಯಿಯ ಹತ್ತಿರವೇ ನಿಲ್ಲಿಸಿದ. "ರಾಯ್ಸಾ? 'ಲೆಲ್ಯಾಂಡ್ ಮೆಕ್ಯಾನಿಕ್ ಅಲ್ಲ, ಟೈಪಿಸ್ಟು' ಅಂತ ಊರೆಲ್ಲ ಸಾರಿದ ಮೇಲೆ ಅವನು ನನ್ನ ಬಾಗಿಲಿಗೆ ಕಾಲಿಟ್ಟಿಲ್ಲ. ಯಾಕೆ, ಎಂಜಿನ್ ಎದ್ದು ಎದ್ದು ಸಾಯ್ತಿದೆಯಾ?"

"ಹ್ಞೂಂ."

"ಅಯ್ಯೋ, ಅದು ಕೀಲಿ ಕೇಳ್ತಿದೆ ಅಷ್ಟೇ. ಒಂದು ಸಲ ಎದ್ದೇಳ್ತಿದೆ ಅಂದ್ರೆ ಹುಡುಗಿ ಕಟ್ಟಿದ ವೈರು ಸರಿಯಾಗೇ ಇದೆ."

ನಾನು ಅವನ ತಟ್ಟೆಗೆ ಎಷ್ಟು ಸಲಾಡ್ ಹಾಕಿದೆನೋ ನೆನಪಿಲ್ಲ. ಹಿಂದಿನವರು ಗೊಣಗಿದರು.

ಮರುದಿನ ಬೆಳಿಗ್ಗೆ ಟ್ರೆಸ್ಸಾಳನ್ನು ರಾಯ್ಸ್‌ನ ಗರಾಜಿಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಏನೂ ಹೇಳಲಿಲ್ಲ. ಅವನ ಎದುರಿಗೇ ಅವಳು ಅದನ್ನು ಕೇಳಿಸಿಕೊಳ್ಳಬೇಕಿತ್ತು. ರಾಯ್ಸ್ ಆಗಲೇ ಬಗ್ಗಿದ್ದ. ಕತ್ತರಿಯ ಬಾಯಿಯಲ್ಲಿ ಒಂದು ಹಿಡಿ ವೈರು.

"ಅದನ್ನ ಕೆಳಗಿಡು ರಾಯ್ಸ್."

"ಮಾರ್ಲಿಸ್, ನೀನು ನಿನ್ನ ಪೈ ನೋಡ್ಕೋ."

"ನೋಡ್ಕೊಂಡೇ ಬಂದೆ. ನಿನ್ನೆ ಲೆಲ್ಯಾಂಡ್ ಸಿಕ್ಕಿದ್ದ. ನೀನು ಅವನ ಪಕ್ಕದಲ್ಲಿ ನಿಂತು ಪೆಟ್ಟಿಗೆ ಮಾಡಿಸ್ದಾಗ ಅವನು ಎಲ್ಲಿದ್ದ ಅಂತ ಅವನಿಗೇ ಗೊತ್ತಿಲ್ವಂತೆ."

ಬೇಲಿಯಾಚೆ ಡ್ಯೂಯಿಯ ಯಂತ್ರ ತಟ್ಟನೆ ನಿಂತಿತು. ರಾಯ್ಸ್ ಕತ್ತರಿಯನ್ನು ನೋಡಿದ, ನನ್ನನ್ನು ನೋಡಿದ. ಟ್ರೆಸ್ಸಾಳನ್ನು ನೋಡಲಿಲ್ಲ.

"ಮಾಡಿಸ್ಬೇಕು ಅಂತಾನೇ ಇದ್ದೆ. ಟೈಮ್ ಸಿಗ್ಲಿಲ್ಲ. ಆ ಟೈಪಿಸ್ಟ್ ಹತ್ರ ಹೋಗಿ ಕೈ ಮುಗಿದು ನಿಂತ್ಕೋಬೇಕಾ ನಾನು?"

"ಬೇಡ. ಅದರ ಬದ್ಲು ನನ್ನ ಮಗಳ ಇಡೀ ಚಳಿಗಾಲದ ಕೆಲಸ ಕತ್ತರಿಸು. ಅದು ಸುಲಭ."

ಟ್ರೆಸ್ಸಾ ಅವನ ಕೈಯಿಂದ ಕತ್ತರಿ ತೆಗೆದುಕೊಂಡು, ಒರೆಸಿ, ಗೋಡೆಯ ಮೊಳೆಗೆ ನೇತುಹಾಕಿದಳು. ಆಮೇಲೆ ಸ್ಪ್ಯಾನರ್ ಹಿಡಿದು ಪೆಟ್ಟಿಗೆ ಬಿಚ್ಚತೊಡಗಿದಳು. ಅವಳ ಕಿವಿಗಳು ಕೆಂಪಾಗಿದ್ದವು. ನಾಚಿಕೆಯಿಂದಲ್ಲ ಎಂದು ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಸಿಟ್ಟು ಬಂದಾಗ ಹಾಗೇ ಆಗುತ್ತಿದ್ದವು. ಪಾಪ, ವಾರದಿಂದ ಬಿಳಿಚಿಕೊಂಡಿದ್ದ ಕಿವಿಗಳು.

ಅದನ್ನು ನಾವೇ ಲೆಲ್ಯಾಂಡ್‌ನ ಹತ್ತಿರ ಒಯ್ದೆವು. ಅವನು ಪೆಟ್ಟಿಗೆಗೆ ತಂತಿ ಚುಚ್ಚಿ, ಅದರ ನೆನಪು ಅಳಿಸುವುದಕ್ಕೆ ಒಂದು ಲೋಟ ಕಾಫಿಯಷ್ಟು ಹೊತ್ತೂ ಹಿಡಿಯಲಿಲ್ಲ. ಮಧ್ಯಾಹ್ನದೊಳಗೆ ಅದು ಮತ್ತೆ ಡಾಟ್ಸನ್ನಿನಲ್ಲಿತ್ತು. ಟ್ರೆಸ್ಸಾ ಗುಂಡಿ ಒತ್ತಿದಳು. ಎಂಜಿನ್ ಎದ್ದಿತು. ಅದು ನಿಲ್ಲಲಿಲ್ಲ. ಚಳಿಗಾಲದ ಬೆಳಿಗ್ಗೆ ಮಕ್ಕಳು ಬೂಟಿನ ಲಾಡಿ ಕಟ್ಟಿಕೊಳ್ಳುವಾಗ ಅಂಗಳದಲ್ಲಿ ಕಾಯುತ್ತಿದ್ದ ಅದೇ ಗೊರಗೊರ. ಕಾರು ಗರಾಜಿನಿಂದ ತಾನಾಗಿಯೇ ಹೊರಗೆ ಬಂತು. ಆ ಬಾಗಿಲಿಗೆ ಅದು ಅಭ್ಯಾಸವಿರಲಿಲ್ಲ.

"ಕಾರ್ಬ್ಯುರೇಟರ್ ಬೇಕಾಗಲ್ಲ ಅಂತ ನನಗನ್ಸಿತ್ತು," ಎಂದ ರಾಯ್ಸ್.

ಬೇಸಿಗೆ ಶುರುವಾದ ಮೇಲೆ ನ್ಯಾಯಾಲಯದ ಚೌಕದಲ್ಲಿ ಸಂಜೆಯ ಕಾರು ಮೇಳ. ಜನ ಬಾನೆಟ್ ಎತ್ತಿ ನಿಲ್ಲಿಸಿಕೊಂಡು, ಕಾರಿನ ಪಕ್ಕ ಕೂತು ಜೋಳದ ತೆನೆ ತಿನ್ನುತ್ತಾರೆ. ನಾನು ನಿಂಬೆ ಪಾನಕ ತರಲು ಹೋಗಿ ಬರುವಷ್ಟರಲ್ಲಿ ರಾಯ್ಸ್ ಡಾಟ್ಸನ್ನಿನ ಮೇಲೆ ಕೈಯೂರಿ ನಿಂತಿದ್ದ. ಸುತ್ತ ಹತ್ತಾರು ಜನ.

"ಎಂಜಿನ್ ಯಾರಾದ್ರೂ ಕೂರಿಸ್ತಾರೆ," ಎನ್ನುತ್ತಿದ್ದ. "ಜೀವ ಇರೋದು ವೈರಿಂಗಲ್ಲಿ. ಒಂದೊಂದು ವೈರೂ ನನ್ನ ಕೈಯಲ್ಲಿ ಹಾದು ಹೋಗಿದೆ."

ಅದು ಸುಳ್ಳಲ್ಲ, ಆ ಕೈಯಲ್ಲಿ ಕತ್ತರಿಯೂ ಇತ್ತು ಅಷ್ಟೇ. ನಾನು ಬಾಯಿ ತೆರೆದೆ. ಟ್ರೆಸ್ಸಾ ನನ್ನ ಮೊಣಕೈ ಹಿಡಿದಳು. "ಬಿಡಮ್ಮಾ. ಹೇಳ್ಕೊಳ್ಲಿ."

ಅಷ್ಟರಲ್ಲಿ ಡ್ಯೂಯಿ ಕನ್ನಡಕ ಏರಿಸಿಕೊಂಡು ಎಂಜಿನ್ನಿನೊಳಗೆ ಬಗ್ಗಿದ. "ಇದೇನೋ ರಾಯ್ಸ್ ಇಲ್ಲಿ ಚೀಟಿ? 'ಸ್ಟ್ರಾಬೆರಿ, ಸಕ್ಕರೆ ಕಡಿಮೆ.' ಇಲ್ಲೂ ಒಂದಿದೆ. 'ಸ್ಟ್ರಾಬೆರಿ ರೂಬಾರ್ಬ್, ಫ್ರಿಜ್ಜಿನಲ್ಲಿಡಿ.'"

ಆ ಚೀಟಿಗಳನ್ನು ರಾಯ್ಸ್ ಒಮ್ಮೆಯೂ ಓದಿರಲಿಲ್ಲ. ಕತ್ತರಿಸಲು ಹೊರಟಾಗಲೂ ಓದಿರಲಿಲ್ಲ. ಅವನು ಟೋಪಿಯನ್ನು ಮತ್ತೆ ಹಿಂದಕ್ಕೆ ಸರಿಸಿದ.

"ಅದು... ಫ್ಯಾಕ್ಟರಿ ಗುರುತು," ಎಂದ.

ಡ್ಯೂಯಿ ಬಾನೆಟ್ ಹಿಡಿದುಕೊಂಡೇ ಬಗ್ಗಿದ, ನಗು ತಡೆಯಲಾಗದೆ. "ಫ್ಯಾಕ್ಟರಿ ಗುರುತಂತೆ! ಲೋ, ಇದು ಮಾರ್ಲಿಸ್ ಅಕ್ಷರ ಕಣೋ, ನಮ್ಮನೇಲಿ ಇವಳ ಜಾಮಿನ ಬಾಟ್ಲಿ ಆರಿದೆ!" ಚೌಕದ ಆ ತುದಿಯಲ್ಲಿದ್ದವರೂ ತೆನೆ ಬಿಟ್ಟು ತಿರುಗಿ ನೋಡಿದರು. ರಾಯ್ಸ್ ಗಾಡಿಯಲ್ಲಿ ಏನೋ ಮರೆತೆನೆಂದು ಹೊರಟು ಹೋದ.

ಟ್ರೆಸ್ಸಾ ಮೆಲ್ಲಗೆ ಬಾನೆಟ್ ಇಳಿಸಿದಳು. "ಆ ವೈರೆಲ್ಲ ಯಾರು ಕಟ್ಟಿದ್ದು?" ಎಂದು ಅಪರಿಚಿತನೊಬ್ಬ ಕೇಳಿದ.

"ನಾನು," ಎಂದಳು ಅವಳು. ಅಷ್ಟೇ. ಧ್ವನಿಯಲ್ಲಿ ಒಂದು ಬಿರುಕೂ ಇರಲಿಲ್ಲ. "ಅಮ್ಮಾ, ಹತ್ತು. ಮನೆಗೆ ಹೋಗೋಣ."

ಪಕ್ಕದ ಸೀಟು ಇನ್ನೂ ಹಾಕಿರಲಿಲ್ಲ. ಮಗುಚಿಟ್ಟ ಮೇವಿನ ಬಕೆಟ್ ಮೇಲೆ ಕೂತು, ಪಾನಕದ ಲೋಟ ಎರಡೂ ಕೈಯಲ್ಲಿ ಹಿಡಿದು ಬಂದೆ. ರಾಯ್ಸ್‌ನ ಮನೆ ದಾಟುವಾಗ ಹಿತ್ತಲಿನ ಕಡೆ ಕತ್ತು ಚಾಚಿ ನೋಡಿದೆ. ಕಾರುಗಳು ಏಳೇ ಇದ್ದವು, ಪಕ್ಕದ ಜಾಗ ಖಾಲಿಯೇ ಇತ್ತು. ಮಲ್ಬೆರಿ ಹಣ್ಣು ಬಿಟ್ಟಿತ್ತು.